ಬೀಗರ ಮುಂದೆ ಬಿದ್ದ ಫೋನು

ನನ್ನ ಫೋನಿನ ಅಂಗಡಿಯಲ್ಲಿ ಸಾಮಾನು ಮಾರುವವರು ಮೂವರು. ಇಬ್ಬರು ಮಾತಾಡಿ ಮಾರುತ್ತಾರೆ, ಒಬ್ಬರು ಬೀಳಿಸಿ ಮಾರುತ್ತಾರೆ. ಆ ಒಬ್ಬರನ್ನು ಇಡೀ ಬೀದಿ ‘ಬೀಳ್ಸೋ ಮಾವ’ ಎಂದೇ ಕರೆಯುತ್ತದೆ. ಅಂಗಡಿಯ ಹೆಸರು ಗೊತ್ತಿಲ್ಲದವರಿಗೂ ಅವರು ಗೊತ್ತು. “ಬೀಳ್ಸೋ ಮಾವ ಇರೋ ಅಂಗ್ಡಿ ಯಾವ್ದು?” ಎಂದು ವಿಚಾರಿಸಿಕೊಂಡು ಜನ ಬರುತ್ತಾರೆ. ದೀಪ ಹಾಕಿಸಿದ ನನ್ನ ಬೋರ್ಡು ಸುಮ್ಮನೆ ಉರಿಯುತ್ತಿರುತ್ತದೆ.

ಅವರು ಮೊದಲು ಪಾತ್ರೆ ಅಂಗಡಿಯಲ್ಲಿದ್ದವರು. ಒಡೆಯದ ತಟ್ಟೆಗಳು ಹೊಸದಾಗಿ ಬಂದ ಕಾಲ ಅದು. ಬಾಗಿಲಲ್ಲಿ ನಿಂತು ತಟ್ಟೆಯನ್ನು ನೆಲಕ್ಕೆ ಎಸೆಯುವುದು ಅವರ ಕೆಲಸ. ಪಟಾರ್ ಅಂತ ಸದ್ದಾಗಬೇಕು, ದಾರಿಯಲ್ಲಿ ಹೋಗುವವರು ಬೆಚ್ಚಿ ತಿರುಗಬೇಕು, ತಟ್ಟೆ ಮಾತ್ರ ಏನೂ ಆಗದವರ ಹಾಗೆ ಮಲಗಿರಬೇಕು. ಆಮೇಲೆ ಸೂಟ್‌ಕೇಸಿನ ಅಂಗಡಿ ಸೇರಿದರು. ಅಲ್ಲಿ ಸೂಟ್‌ಕೇಸಿನ ಮೇಲೆ ಹತ್ತಿ ನಿಂತು ತಲೆ ಬಾಚಿಕೊಳ್ಳುತ್ತಿದ್ದರಂತೆ. ಆಮೇಲೆ ಪ್ಲಾಸ್ಟಿಕ್ ಕುರ್ಚಿ. ಎರಡು ಕಾಲಿನ ಮೇಲೆ ಕುರ್ಚಿಯನ್ನು ವಾಲಿಸಿ ಕೂತು ಗಿರಾಕಿಯ ಜೊತೆ ಹರಟೆ ಹೊಡೆಯುವುದು. ಹೀಗೆ ಊರಿನ ಸಾಮಾನೆಲ್ಲ ಗಟ್ಟಿ ಎಂದು ತೋರಿಸುವುದರಲ್ಲೇ ಅವರ ಆಯಸ್ಸಿನ ಮುಕ್ಕಾಲು ಪಾಲು ಕಳೆಯಿತು. ಅವರ ಮನೆಗೆ ಒಮ್ಮೆ ಹೋಗಿದ್ದೆ. ಕೂರಿ ಅಂತ ಎಳೆದುಕೊಟ್ಟ ಕುರ್ಚಿಗೆ ಮೂರೇ ಕಾಲು, ನಾಲ್ಕನೆಯದು ಇಟ್ಟಿಗೆ.

ಹೆಂಡತಿ ತೀರಿಹೋಗಿದ್ದಾರೆ. ಒಬ್ಬಳೇ ಮಗಳು. ತಾಯಿಯಿಲ್ಲದ ಕೂಸೆಂದು ಕೊಂಡಾಡಿ ಬೆಳೆಸಿದ್ದಕ್ಕೋ ಏನೋ, ಆಕೆಗೆ ಅಪ್ಪ ಅಂದರೆ ಅಪ್ಪನೇ. ಅಪ್ಪ ಹೇಳಿದ ಮೇಲೆ ಸೂರ್ಯ ಕೂಡ ಇನ್ನೊಂದು ಸಲ ವಿಚಾರ ಮಾಡಿ ಹುಟ್ಟಬೇಕು. ಅವಳನ್ನು ಒಂದು ಒಳ್ಳೆಯ ಮನೆಗೇ ಕೊಟ್ಟರು. ಅಳಿಯ ಬಸ್ ಓಡಿಸುತ್ತಾನೆ. ಬೀಗರು ಕಟ್ಟಡಗಳಿಗೆ ಬಣ್ಣ ಹೊಡೆಯುವವರು. ನಾಲ್ಕಾರು ಆಳು ಇಟ್ಟುಕೊಂಡಿದ್ದರೂ ಈಗಲೂ ತಾವೇ ಏಣಿ ಹತ್ತುತ್ತಾರೆ. ಮೃದು ಮನುಷ್ಯ. ಉಗುರಿನ ಸಂದಿಯಲ್ಲಿ ಸದಾ ಯಾವುದಾದರೊಂದು ಬಣ್ಣ ಇರುತ್ತದೆ. ಈ ವಾರ ಯಾವ ಮನೆಯ ಕೆಲಸ ನಡೆಯುತ್ತಿದೆ ಎಂದು ಕೈ ನೋಡಿಯೇ ಹೇಳಬಹುದು.

ಬೀಳ್ಸೋ ಮಾವನ ಕಸುಬಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಬಾಯಲ್ಲಿ ಸುಳ್ಳು ಹೇಳಿದವರಲ್ಲ. ‘ಒಡೆಯಲ್ಲ’ ಎಂಬ ಪದ ಅವರ ನಾಲಿಗೆಯಿಂದ ಬಿದ್ದದ್ದನ್ನು ನಾನು ಕೇಳಿಲ್ಲ. ಬೀಳಿಸುತ್ತಾರೆ, ಎತ್ತಿ ಗಿರಾಕಿಯ ಕೈಗೆ ಕೊಡುತ್ತಾರೆ, “ನೀವೇ ನೋಡಿ” ಅನ್ನುತ್ತಾರೆ. ವ್ಯಾಪಾರದಲ್ಲಿ ಇದಕ್ಕಿಂತ ಶುದ್ಧವಾದ ಮಾತಿಲ್ಲ. ಇದಕ್ಕಿಂತ ಖದೀಮ ಮಾತೂ ಇಲ್ಲ. ಗುಟ್ಟು ಇರುವುದು ಬೆರಳಿನಲ್ಲಿ. ಫೋನು ಮೂಲೆ ಕೊಟ್ಟು ಬಿದ್ದರೆ ಎಂಥ ಗಾಜಿಗೂ ಕಷ್ಟ. ಅಂಗಾತ, ಮೈಯೆಲ್ಲ ಒಟ್ಟಿಗೆ ನೆಲ ಮುಟ್ಟುವ ಹಾಗೆ ಬಿದ್ದರೆ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಅವರು ಕೈ ಬಿಡುವಾಗ ಕಿರುಬೆರಳೊಂದು ಚೂರು ತಡವಾಗಿ ಬಿಡುತ್ತದೆ. ಅಷ್ಟೇ. ನೋಡುವವರಿಗೆ ಜಾರಿ ಬಿದ್ದಂತೆ ಕಾಣುತ್ತದೆ, ಫೋನು ಮಾತ್ರ ಹಾಸಿಗೆಗೆ ಒರಗುವವರ ಹಾಗೆ ಬೀಳುತ್ತದೆ. ಮೇಲಾಗಿ ನಮ್ಮ ಅಂಗಡಿಯ ನೆಲಕ್ಕೆ ದಪ್ಪ ಹಾಸು ಹಾಕಿದೆ. ಇದು ಅಂಗಡಿಯವರಿಗೆಲ್ಲ ಗೊತ್ತು. ಗಿರಾಕಿಗಳು ಕೇಳಿದವರಲ್ಲ.

ಆ ಸಲ ಕಂಪನಿಯ ಹೊಸ ಫೋನು ಬಂತು. ಆ ವರ್ಷದ ಎಲ್ಲಕ್ಕಿಂತ ದೊಡ್ಡ ಫೋನು, ಎಲ್ಲಕ್ಕಿಂತ ಗಟ್ಟಿ ಫೋನು ಎಂದು ಬೀದಿ ತುಂಬ ಪೋಸ್ಟರು. ಟೈ ಕಟ್ಟಿದ ಕಂಪನಿಯವನೊಬ್ಬ ಬಂದು ವಿಡಿಯೋ ತೋರಿಸಿದ. ಯಂತ್ರವೊಂದು ಫೋನನ್ನು ಎತ್ತುತ್ತದೆ, ಬೀಳಿಸುತ್ತದೆ, ಮತ್ತೆ ಎತ್ತುತ್ತದೆ. ಉಕ್ಕಿನ ಗುಂಡು ಬಂದು ಗಾಜಿಗೆ ಬಡಿಯುತ್ತದೆ. ಇನ್ನೊಂದು ಯಂತ್ರ ಎರಡೂ ತುದಿ ಹಿಡಿದು ಬಗ್ಗಿಸುತ್ತದೆ.

ಬೀಳ್ಸೋ ಮಾವ ನೋಡಿ ಮೂಗು ಮುರಿದರು. “ಯಂತ್ರ ಬೀಳಿಸಿದ್ರೆ ಯಾರು ಸ್ವಾಮಿ ನಂಬ್ತಾರೆ? ಅದಕ್ಕೆ ಹೆದರಿಕೆ ಇಲ್ಲ. ಮನುಷ್ಯ ಬೀಳಿಸ್ಬೇಕು. ಬೀಳಿಸೋವಾಗ ನೋಡೋರ ಎದೆ ಧಸಕ್ ಅನ್ಬೇಕು.”

“ಸರ್, ಇದು ಲ್ಯಾಬ್ ಟೆಸ್ಟ್” ಅಂದ ಟೈಯವನು.

“ಇದು ಹೊಟ್ಟೆಪಾಡು ಟೆಸ್ಟ್” ಅಂದರು ಇವರು.

ಮಾರಾಟ ಶುರುವಾದ ದಿನ ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬೀಳ್ಸೋ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಡುವೆ ನಿಂತಿದ್ದರು. ಬೀಗದ ಕೈ ಗೊಂಚಲಿನಿಂದ ಗಾಜು ಗೀರಿದರು. ನೀರಿನ ಲೋಟದಲ್ಲಿ ಅದ್ದಿ, ಹೊರಗೆ ತೆಗೆದು, ಅದೇ ಫೋನಿನಿಂದ ಎದುರಿದ್ದವರಿಗೆ ಕರೆ ಮಾಡಿದರು. ಹಿಂದಿನ ಜೇಬಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. ಕೂತು, ಇನ್ನೂ ಸ್ವಲ್ಪ ಭಾರ ಹಾಕಿ ಕೂತು, ಮುಖ ಕಿವುಚಿ ಜನರನ್ನು ನಗಿಸಿದರು. ಕಡೆಗೆ ಎದೆಯ ಮಟ್ಟಕ್ಕೆ ಹಿಡಿದು, ಯಾರನ್ನೋ ಕೂಗುವವರ ಹಾಗೆ ತಲೆ ತಿರುಗಿಸಿ, ಕೈ ಸಡಿಲ ಬಿಟ್ಟರು. ಹೆಂಗಸರೊಬ್ಬರು “ಅಯ್ಯೋ!” ಅಂದರು. ಎತ್ತಿ ಅವರ ಕೈಗೇ ಕೊಟ್ಟರು. “ನೀವೇ ನೋಡಿ ತಾಯಿ.” ಚಪ್ಪಾಳೆ.

ಆ ಗುಂಪಿನ ಹಿಂದೆ ಬೀಗರು ನಿಂತಿದ್ದರು. ಕೆಲಸದ ಅಂಗಿಯಲ್ಲೇ ಬಂದಿದ್ದರು, ಕಿವಿಯ ಮೇಲೆ ಹಳದಿ ಚುಕ್ಕಿ.

“ಏನ್ ಬೀಗ್ರೇ, ಇಷ್ಟು ದೂರ?” ಎಂದರು ಬೀಳ್ಸೋ ಮಾವ, ಎಲ್ಲರಿಗೂ ಕೇಳುವಂತೆ.

“ನಿಮ್ಮ ಆಟ ನೋಡೋಕೆ ಬಂದೆ. ಏಣಿಯಿಂದ ಬಿದ್ದು ಸತ್ತ ಫೋನುಗಳದ್ದೇ ಒಂದು ಡಬ್ಬಿ ಇದೆ ನಮ್ಮನೇಲಿ. ಇದೊಂದು ತಗೊಂಡ್ರೆ ಆಯಸ್ಸು ಪೂರ್ತಿ ಬರುತ್ತೇನೋ ಅಂತ.” ಆಮೇಲೆ ಸಂಕೋಚದಿಂದ, “ದೊಡ್ಡ ಫೋನು. ನನ್ನಂಥೋನಿಗೆ ಜಾಸ್ತಿ ಆಯ್ತೇನೋ. ನೀವೇನಂತೀರಿ?”

ಕೇಳಿದ್ದು ನೇರವಾಗಿ ಕೇಳಿದರು. ನಾನು ಹಣದ ಮೇಜಿನ ಹಿಂದಿನಿಂದ ನೋಡುತ್ತಿದ್ದೆ. ಬೀಗರ ಹೆಗಲ ಮೇಲೆ ಕೈ ಹಾಕಿ ಒಂದು ಪಕ್ಕಕ್ಕೆ ಕರೆದುಕೊಂಡು ಹೋದಾರು, ಕಿವಿಯಲ್ಲಿ ಒಂದು ಮಾತು ಹಾಕಿಯಾರು ಅಂದುಕೊಂಡೆ. ಆದರೆ ಸುತ್ತ ಜನವಿದ್ದರು. ಚಪ್ಪಾಳೆಯ ಬಿಸಿ ಆರಿರಲಿಲ್ಲ. ಬೀಳ್ಸೋ ಮಾವ ಬೀಗರಿಗೆಂದೇ ಮತ್ತೊಮ್ಮೆ ಬೀಳಿಸಿದರು. ಈ ಸಲ ತಲೆಗಿಂತ ಮೇಲಿನಿಂದ. ಎತ್ತಿ ಅವರ ಕೈಗಿಟ್ಟರು.

“ನೀವೇ ನೋಡಿ ಬೀಗ್ರೇ.”

ಬೀಗರು ನೋಡಿದರು. ಕೊಂಡರು.

ಕೆಲವು ವಾರ ಕಳೆದು ಮೊಮ್ಮಗುವಿನ ಮೊದಲ ಹುಟ್ಟುಹಬ್ಬ ಬಂತು. ಭಾನುವಾರ ಬಿತ್ತು. ಭಾನುವಾರ ರಜೆ ಕೊಡುವ ಅಭ್ಯಾಸ ನನಗಿಲ್ಲ, ಆವತ್ತೂ ಕೊಡಲಿಲ್ಲ. ಬೀಳ್ಸೋ ಮಾವ ಸಂಜೆ ಸ್ವಲ್ಪ ಬೇಗ ಹೊರಟು, ಕೀ ಕೊಟ್ಟರೆ ಕುಣಿಯುವ ಕರಡಿಯೊಂದನ್ನು ಹಿಡಿದು ಬೀಗರ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಅಂಗಡಿಗೆ ಬಂದವರ ಮುಖ ಹಿಗ್ಗಿತ್ತು.

“ಏನ್ ಉಪಚಾರ ಯಜಮಾನ್ರೆ! ನಾನು ಬಾಗಿಲಿಗೆ ಹೋಗ್ತಿದ್ದ ಹಾಗೇ ಬೀಗರ ತಮ್ಮ ‘ಬನ್ನಿ ಬನ್ನಿ, ನಿಮಗೋಸ್ಕರ ನೆಲಕ್ಕೆ ಹಾಸಿಗೆ ಹಾಸಿದೀವಿ’ ಅಂದ. ಎಲ್ಲ ಗೊಳ್ಳಂತ ನಕ್ರು. ನಾನೂ ನಕ್ಕೆ. ಇನ್ಯಾರೋ ‘ಲೋಟ ಕೈಗೆ ಕೊಡ್ಬೇಡ್ರಪ್ಪ, ಬೀಳಿಸ್ತಾರೆ’ ಅಂದ್ರು. ನೆಂಟರಿಷ್ಟರಿಗೆಲ್ಲ ನನ್ನ ಗುರುತಿದೆ ನೋಡಿ!”

ನನಗೆ ಆ ನಗು ಯಾಕೋ ಸರಿಹೋಗಲಿಲ್ಲ. ಕೊಳ್ಳುವವರ ನಗು ಬೇರೆ, ಕೊಂಡು ಮೋಸಹೋದವರ ನಗು ಬೇರೆ. ಅದನ್ನು ಬೇರೆಯವರ ಬಾಯಲ್ಲಿ ಕೇಳಿದರೂ ಗುರುತಿಸಬಲ್ಲೆ.

ಮಧ್ಯಾಹ್ನ ಮಗಳು ಬಂದಳು. ಕಂಕುಳಲ್ಲಿ ಮಗು, ಮುಖದಲ್ಲಿ ಸಿಟ್ಟು.

“ಅಪ್ಪಾ, ಮಾವ ಫೋನ್ ಒಡೆದಿಟ್ಟಿದ್ದಾರೆ, ಗೊತ್ತಾ?”

“ಯಾವ ಫೋನು?”

“ನಿನ್ನತ್ರ ತಗೊಂಡಿದ್ದೇ. ನಿನ್ನೆ ಮಧ್ಯಾಹ್ನ ಊಟ ಆದ್ಮೇಲೆ ನೆಂಟರ ಮುಂದೆ ನಿನ್ನ ಕತೆ ಶುರು ಮಾಡಿದ್ರು. ನಮ್ಮ ಬೀಗರು ಹಾಗೆ, ನಮ್ಮ ಬೀಗರು ಹೀಗೆ, ತಲೆ ಮೇಲಿಂದ ಬಿಟ್ರೂ ಏನೂ ಆಗ್ಲಿಲ್ಲ ಅಂತ. ಚಿಕ್ಕಮಾವ ‘ಹೋಗೋ, ಸುಳ್ಳು’ ಅಂದ್ರು. ಇವರಿಗೆ ರೋಷ ಬಂತು. ಎದ್ದು ನಿಂತು, ಥೇಟ್ ನಿನ್ನ ಹಾಗೇ ಆ ಕಡೆ ತಿರುಗಿ, ಬಿಟ್ಟೇಬಿಟ್ರು. ಸಿಮೆಂಟ್ ನೆಲ. ಗಾಜೆಲ್ಲ ಪುಡಿ. ಆನ್ ಕೂಡ ಆಗ್ತಿಲ್ಲ.”

ಬೀಳ್ಸೋ ಮಾವ ಕೌಂಟರಿನ ಗಾಜು ಒರೆಸುತ್ತಿದ್ದವರು ಒರೆಸುತ್ತಲೇ ಇದ್ದರು. ಅದೇ ಜಾಗವನ್ನು.

“ಚಿಕ್ಕಮಾವ ಎಲ್ಲರ ಮುಂದೆ ‘ಬೀಗನಿಗೇ ಟೋಪಿ ಹಾಕಿದಾರೆ ನಿಮ್ಮಪ್ಪ’ ಅಂದ್ರು. ನಾನು ಬಿಡ್ತೀನಾ? ‘ನಮ್ಮಪ್ಪ ದಿನಾ ಬೀಳಿಸ್ತಾರೆ, ಒಂದು ಗೀರು ಬಿದ್ದಿಲ್ಲ. ಮಾವನಿಗೇ ಹಿಡ್ಕೊಳ್ಳೋಕೆ ಬರಲ್ಲ, ಎಲ್ಲೋ ತಾಗಿಸಿದ್ದಾರೆ’ ಅಂದೆ. ಮುಖಕ್ಕೆ ಹೊಡೆದ ಹಾಗೆ ಹೇಳ್ದೆ. ಮಾವನೂ ಒಪ್ಕೊಂಡ್ರು. ‘ಹೌದಮ್ಮಾ, ನನ್ನ ಕೈದೇ ತಪ್ಪು’ ಅಂತ. ಎಲ್ಲ ಅವರನ್ನೇ ಗೇಲಿ ಮಾಡಿದ್ರು. ನೀನು ಬರೋ ಹೊತ್ತಿಗೆ ಫೋನ್ ಜೇಬಿಗೆ ಹಾಕ್ಕೊಂಡು ‘ಬೀಗರಿಗೆ ಯಾರೂ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ’ ಅಂದ್ರು.” ಉಸಿರು ತೆಗೆದುಕೊಂಡಳು. “ನಾನು ಹೇಳಿದ್ದು ಸರಿ ತಾನೇ ಅಪ್ಪಾ?”

ಬೀಳ್ಸೋ ಮಾವ “ಹೂಂ” ಅಂದರು.

ಎಷ್ಟೋ ದೊಡ್ಡ ಸುಳ್ಳುಗಳನ್ನು ಈ ಅಂಗಡಿಯ ಗೋಡೆ ಕೇಳಿದೆ. ಅಷ್ಟು ಸಣ್ಣದನ್ನು ಕೇಳಿದ್ದು ಅದೇ ಮೊದಲು.

ಅವಳು ಹೋದ ಮೇಲೆ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. “ಹಾಸಿಗೆ ಹಾಸಿದೀವಿ ಅಂದಿದ್ದು ಅದಕ್ಕೆ, ಅಲ್ವಾ ಯಜಮಾನ್ರೆ?”

“ಅದಕ್ಕೇ ಇರ್ಬೇಕು.”

“ನಾನೂ ನಕ್ಕೆ ಅವರ ಜೊತೆ. ಹಲ್ಲು ಬಿಟ್ಕೊಂಡು.” ಒರೆಸುವ ಬಟ್ಟೆ ಮಡಿಸುತ್ತಾ, “ಎರಡನೇ ಸಲ, ಆ ಲೋಟದ ಮಾತು ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನೇ.”

ಆ ವಾರ ಅವರು ಬೀಳಿಸಿದ್ದು ಕಡಿಮೆ. ಗಿರಾಕಿ ಕೇಳಿದರೆ “ಕೈ ನೋಯ್ತಿದೆ” ಅನ್ನುತ್ತಿದ್ದರು. ಬೀಗರಿಗೆ ಫೋನ್ ಮಾಡಿ ಕ್ಷಮೆ ಕೇಳಿ ಅಂದೆ. “ಯಾವ ಫೋನಿಗೆ ಮಾಡ್ಲಿ?” ಅಂದರು. ಅದೂ ನಿಜವೇ.

ಆಮೇಲೊಂದು ದಿನ ಬೀಗರೇ ಬಂದರು. ಹತ್ತಿರದ ಕಟ್ಟಡವೊಂದರಲ್ಲಿ ಕೆಲಸವಿತ್ತಂತೆ. ಉಗುರು ತುಂಬ ನೀಲಿ. ಅಂಗಡಿಯಲ್ಲಿ ಜನವಿಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದರು ಅನಿಸಿತು. ಜಗಳಕ್ಕೆ ಬಂದರೇನೋ ಎಂದು ನಾನು ಕೂತಲ್ಲೇ ನೆಟ್ಟಗಾದೆ. ಜಗಳ ಆಡುವ ಗಿರಾಕಿಯನ್ನು ಸಂಭಾಳಿಸುವುದು ನನಗೆ ಕರಗತ. ಅವರು ಜಗಳವಾಡಲಿಲ್ಲ.

“ಬೀಗ್ರೇ, ನಿಮ್ಮತ್ರ ಒಂದು ಕೆಲಸ ಇತ್ತು” ಅಂದರು, ನಾಚಿಕೊಂಡು. “ಅವತ್ತು ಒಂದು ಎಡವಟ್ಟು ಮಾಡ್ಕೊಂಡೆ. ನಿಮಗೆ ಗೊತ್ತಾಗಿರುತ್ತೆ ಬಿಡಿ, ನಿಮ್ಮ ಮಗಳು ಸುಮ್ನಿರ್ತಾಳಾ? ಸೊಸೆ ಹೇಳಿದ್ದು ಸರಿ, ನನಗೆ ಬೀಳಿಸೋಕೆ ಬರಲಿಲ್ಲ. ಹೇಗೆ ಬೀಳಿಸೋದು ಅಂತ ಒಂದು ಸಲ ಹೇಳ್ಕೊಡಿ. ಫೋನೇನೋ ಹೋಯ್ತು. ಆದ್ರೆ ನನ್ನ ತಮ್ಮ ಎದುರಿಗೆ ಬಂದಾಗೆಲ್ಲ ಹಂಗಿಸ್ತಾನೆ. ಅವನ ಫೋನೇ ಇಸ್ಕೊಂಡು ಒಂದು ಸಲ ಸರಿಯಾಗಿ ಬೀಳಿಸಿ ತೋರಿಸ್ಬಿಟ್ರೆ ನಿಮ್ಮ ಮಾನವೂ ಉಳಿಯುತ್ತೆ, ನಂದೂ.”

ಬೀಳ್ಸೋ ಮಾವ ನನ್ನ ಕಡೆ ನೋಡಿದರು. ನಾನು ರಸೀದಿ ಪುಸ್ತಕ ನೋಡಿದೆ.

ಆಗಲೇ ಹೇಳಿಬಿಡಬಹುದಿತ್ತು. ಆದರೆ ಮನುಷ್ಯನಿಗೆ ಬಾಯಿ ಕೈ ಕೊಟ್ಟಾಗ ಕಸುಬು ನೆನಪಾಗುತ್ತದೆ. ಅವರು ಕಪಾಟಿನಿಂದ ಡಮ್ಮಿ ಫೋನೊಂದನ್ನು ತೆಗೆದರು. ಒಳಗೇನೂ ಇಲ್ಲದ, ತೂಕ ಮಾತ್ರ ಇರುವ, ತೋರಿಕೆಗೆ ಇಡುವ ಫೋನು. ಬೀಗರ ಕೈಗಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಸರಿಯಾದ ಜಾಗದಲ್ಲಿ ಕೂರಿಸಿದರು. “ಇದು ಹೀಗೆ. ಇದು ಸಡಿಲ. ಕಿರುಬೆರಳು ಕೊನೇಲಿ ಬಿಡ್ಬೇಕು.”

ಮೊದಲ ಸಲ ಮೂಲೆ ಬಡಿದು ಅಂಗಡಿಯ ಆ ತುದಿಗೆ ಜಿಗಿಯಿತು. “ನೋಡಿದ್ರಾ, ಇದೇ ನನ್ನ ರೋಗ!” ಎಂದು ಬೀಗರು ನಕ್ಕರು. ಮತ್ತೊಮ್ಮೆ. ಮತ್ತೊಮ್ಮೆ. ಬ್ರಷ್ ಹಿಡಿದು ಪಳಗಿದ ಕೈ, ಬೇಗ ಹಿಡಿದುಕೊಂಡಿತು. ಕಡೆಗೊಂದು ಸಲ ಫೋನು ಅಂಗಾತ, ಮೆತ್ತಗೆ, ಥೇಟ್ ಬೀಳ್ಸೋ ಮಾವ ಬೀಳಿಸಿದಂತೆಯೇ ಬಿತ್ತು.

“ಬಂತು! ಬಂತು ಬೀಗ್ರೇ!”

ಬಗ್ಗಿ ಎತ್ತಿಕೊಂಡರು. ಕೈಯಲ್ಲಿ ತಿರುಗಿಸಿ ನೋಡಿದರು. ಮತ್ತೆ ಬೀಳಿಸಲಿಲ್ಲ. ನಗು ಅವರ ಮುಖದ ಮೇಲೆ ಇನ್ನೂ ಇತ್ತು, ಆದರೆ ಹಿಂದಿನಿಂದ ಯಾರೋ ದೀಪ ಆರಿಸಿದ ಹಾಗಿತ್ತು.

“ಅಂದ್ರೆ… ಹೀಗೆ ಬೀಳಿಸಿದ್ರೆ ಯಾವ ಫೋನೂ ಒಡೆಯಲ್ಲ.”

ಬೀಳ್ಸೋ ಮಾವ ಕಪಾಟಿನ ಬಾಗಿಲು ಮುಚ್ಚಿದರು.

“ಸುಮ್ನೆ ಕೈ ಜಾರಿ ಬಿದ್ರೆ ಈ ಗಟ್ಟಿ ಫೋನೂ ಒಡೆಯುತ್ತೆ. ನಂದು ಒಡೆದ ಹಾಗೆ.”

“ಹೌದು.”

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಬೀಗ್ರೇ.”

ಬೀಗರು ಡಮ್ಮಿಯನ್ನು ಕೌಂಟರಿನ ಮೇಲೆ, ನಿಜವಾದದ್ದೇ ಎಂಬಷ್ಟು ಜೋಪಾನವಾಗಿ ಇಟ್ಟರು. “ಗಿರಾಕಿಗೆ ಹೇಳ್ಬೇಡಿ, ಅದು ನಿಮ್ಮ ಹೊಟ್ಟೆಪಾಡು. ನಾನೂ ಬಿರುಕಿನ ಮೇಲೆ ಬಣ್ಣ ಬಳಿದವನೇ. ಬೀಗನಿಗೆ ಹೇಳಬಹುದಿತ್ತು. ನಾನು ಬಾಯಿಬಿಟ್ಟು ಕೇಳಿದ್ದೆ.” ಹೊರಡುವಾಗ ನನಗೆ ತಲೆ ಬಾಗಿಸಿ, “ಬರ್ತೀನಿ ಸಾಹುಕಾರ್ರೇ” ಅಂದರು.

ಬೀಳ್ಸೋ ಮಾವ ಸ್ಟೂಲಿನ ಮೇಲೆ ಕೂತುಬಿಟ್ಟರು. “ಬೈದಿದ್ರೆ ಚೆನ್ನಾಗಿತ್ತು” ಅಂದರು.

“ಬೈಯೋರಿಗೆ ನಾವು ಉತ್ತರ ಇಟ್ಕೊಂಡಿರ್ತೀವಿ” ಅಂದೆ.

“ಅವರು ಮನೇಲಿ ಹೇಳಲ್ಲ ಯಜಮಾನ್ರೆ. ನನ್ನ ಮಗಳ ಮುಖ ಸಣ್ಣದಾಗುತ್ತೆ ಅಂತ ಹೇಳಲ್ಲ. ಸಾಯೋ ತನಕ ಬೀಳಿಸೋಕೆ ಬಾರದವನಾಗೇ ಇರ್ತಾರೆ.” ಕಣ್ಣು ನೆಲದಲ್ಲೇ ಇತ್ತು. “ನಾನು ಹೇಳಿದ್ರೆ ನನ್ನ ಮಗಳು ನೆಂಟರ ಮುಂದೆ ಮಾವನಿಗೆ ಅಂದ ಮಾತೆಲ್ಲ ಅವಳ ಮೇಲೇ ಬೀಳುತ್ತೆ. ಹೇಳ್ದೆ ಇದ್ರೆ ಅವರ ಮೇಲೆ.”

ಭಾನುವಾರ ಬೆಳಿಗ್ಗೆ ಅವರು ಅಂಗಡಿಗೆ ಬಂದರು, ಆದರೆ ಒಳಗೆ ಬರಲಿಲ್ಲ. “ರಜೆ ಬೇಕು. ನೀವೂ ಬನ್ನಿ. ಒಬ್ಬನೇ ಹೋದ್ರೆ ಬಾಗಿಲಿಂದ ವಾಪಸ್ ಬಂದ್ಬಿಡ್ತೀನಿ.” ಕಾಲು ಎಳೆದುಕೊಂಡು ಹೋದೆ. ಅಂಗಡಿಯನ್ನು ಉಳಿದಿಬ್ಬರ ಕೈಗೆ ಬಿಟ್ಟು ಭಾನುವಾರ ಬಿಸಿಲಿಗಿಳಿದದ್ದು ನಾನು ಅದೇ ಮೊದಲು.

ಚಿಕ್ಕ ಮನೆ. ಮುಂದಿನ ಕೋಣೆಯ ಗೋಡೆಗೆ ನಾಲ್ಕು ಬೇರೆ ಬೇರೆ ಬಣ್ಣ; ಬೇರೆಯವರ ಮನೆಯಲ್ಲಿ ಉಳಿದದ್ದು ಇಲ್ಲಿಗೆ ಬಂದಿತ್ತು. ಮಗು ನೆಲದ ಮೇಲೆ ಕರಡಿಯ ಕಿವಿ ಕಚ್ಚುತ್ತಿತ್ತು. ಮಗಳು ಅಪ್ಪನನ್ನು ನೋಡಿ ಅರಳಿದಳು. “ಅಪ್ಪಾ! ಯಜಮಾನ್ರೂ ಬಂದಿದ್ದಾರೆ! ಕೂತ್ಕೊಳ್ಳಿ, ಮಾವ ಹಿತ್ತಲಲ್ಲಿ ಬ್ರಷ್ ತೊಳೀತಿದ್ದಾರೆ. ಕರೀಲಾ?”

“ಬೇಡ. ನಿನ್ನ ಹತ್ರಾನೇ ಮಾತು.” ಅವರು ಕೂರಲಿಲ್ಲ. “ಫೋನ್ ವಿಷಯ. ನಿಮ್ಮ ಮಾವ ಸರಿಯಾಗೇ ಬೀಳಿಸಿದ್ರು.”

“ಏನಪ್ಪಾ?”

“ಎಲ್ಲರ ಕೈಯಿಂದ ಬಿದ್ರೆ ಹೇಗೆ ಬೀಳುತ್ತೋ ಹಾಗೆ ಬಿತ್ತು, ಒಡೀತು. ನಾನು ಬೀಳಿಸೋದು ಬೇರೆ ಥರ. ಒಡೀದ ಹಾಗೆ ಬೀಳಿಸ್ತೀನಿ. ಅದು ಕೈಕಸುಬು, ಫೋನಿನ ಗಟ್ಟಿತನ ಅಲ್ಲ. ಅವರು ಅವತ್ತು ಕೇಳಿದಾಗ ಹೇಳ್ಲಿಲ್ಲ. ಜನ ನೋಡ್ತಿದ್ರು. ನೀನು ಅಂಗಡಿಗೆ ಬಂದು ಸರಿ ತಾನೇ ಅಂದಾಗಲೂ ಹೇಳ್ಲಿಲ್ಲ.”

ಅವಳು ಅಪ್ಪನನ್ನೇ ನೋಡುತ್ತಾ ನಿಂತಳು. ಬೆರಗಿಗೆ ಸ್ವಲ್ಪ ಹೊತ್ತು ಬೇಕು, ಅದು ಮುಗಿಯಿತು. ಆಮೇಲೆ ಬಂದದ್ದು ಸಿಟ್ಟಾಗಿದ್ದರೆ ಬೀಳ್ಸೋ ಮಾವನಿಗೆ ನೆಮ್ಮದಿಯಾಗುತ್ತಿತ್ತು.

“ಅಷ್ಟು ಜನರ ಮುಂದೆ ಅಂದ್ನಲ್ಲಪ್ಪಾ ಅವರಿಗೆ” ಅಂದಳು, ಮೆಲ್ಲಗೆ. “ಅವರು ತಲೆ ತಗ್ಗಿಸ್ಕೊಂಡು ಕೇಳಿಸ್ಕೊಂಡ್ರು.”

ಸೆರಗಿನಿಂದ ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು. ನಾವು ಇಬ್ಬರೂ ನಿಂತೇ ಇದ್ದೆವು. ನೀರಿನ ಸದ್ದು ನಿಂತಿತು. “ಮಾವ, ನನ್ನಿಂದ ತಪ್ಪಾಯ್ತು.” “ಎಂಥದಮ್ಮ ಅದು, ಮುಗಿದು ಹೋಯ್ತಲ್ಲ… ಅಳ್ತಾರಾ? ಬ್ರಷ್ ಹಿಡ್ಕೋ, ಬಣ್ಣ ಒಣಗುತ್ತೆ.” ಮತ್ತೆ ನೀರಿನ ಸದ್ದು.

ಬೀಗರು ಕೈ ಒರೆಸಿಕೊಳ್ಳುತ್ತ ಬಂದರು. ಬೀಳ್ಸೋ ಮಾವ ಕೈ ಜೋಡಿಸಿದರು. ಬೀಗರು ಅದನ್ನು ಕಂಡರೋ ಇಲ್ಲವೋ, ನನ್ನ ಕೈ ಹಿಡಿದುಕೊಂಡರು.

“ಸಾಹುಕಾರ್ರೇ, ನಮ್ಮನೆಗೆ ಮೊದಲನೇ ಸಲ ಬಂದಿದ್ದೀರಿ. ಊಟ ಮಾಡ್ದೆ ಕಳ್ಸಲ್ಲ.” ಆಮೇಲೆ ಒಳಗೆ ತಿರುಗಿ, “ನಿಮ್ಮಪ್ಪನಿಗೂ ಹೇಳಮ್ಮಾ, ಊಟಕ್ಕೆ ಬರ್ಬೇಕಂತೆ ಅಂತ.”

ನಾಲ್ಕು ಹೆಜ್ಜೆ ದೂರದಲ್ಲಿ ನಿಂತವರಿಗೆ ಮಗಳ ಬಾಯಿಂದ ಹೇಳಿಸಿದರು. ಅವಳು ಬಂದು ಹೇಳಿದಳು.

ಕೂತೆವು. ಅವಳು ಬಡಿಸಿದಳು. ನನ್ನ ತಟ್ಟೆಯ ಮುಂದೆ ಬಂದಾಗಲೆಲ್ಲ “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎಂದು ಬಲವಂತ. ಬೀಗರೂ ದನಿಗೂಡಿಸಿದರು: “ಹಾಕಮ್ಮಾ, ಸಾಹುಕಾರ್ರು ಸಂಕೋಚ ಪಡ್ತಿದ್ದಾರೆ.” ಬೀಳಿಸಿ ಮಾರಿದವರು ಅವರು, ಮಾರಿದ್ದರ ಲಾಭ ಎಣಿಸಿಕೊಂಡವನು ನಾನು, ಆ ಮನೆಯಲ್ಲಿ ಮರ್ಯಾದೆಯೆಲ್ಲ ನನ್ನ ತಟ್ಟೆಗೇ ಬಿತ್ತು. ಬಡಿಸಿದ್ದಷ್ಟನ್ನೂ ಉಂಡೆ.

ಪಕ್ಕದಲ್ಲಿ ಬೀಳ್ಸೋ ಮಾವ “ಸಾಕು” ಅಂದರು. ಅವಳು ಅಲ್ಲಿಗೇ ಸೌಟು ನಿಲ್ಲಿಸಿ, ಪಾತ್ರೆ ಎತ್ತಿಕೊಂಡು ಮುಂದಕ್ಕೆ ಹೋದಳು.